ಹೈಸ್ಕೂಲಿನಲ್ಲಿ ನಾಟಕ ಮಾಡುವುದು ಹೇಗೆ: ಮೊದಲ ಮೀಟಿಂಗಿನಿಂದ ಪರದೆ ಬೀಳುವ ತನಕ

‘ನಮ್ಮ ಸ್ಕೂಲಲ್ಲಿ ನಾಟಕ ಮಾಡಬೇಕು ಅಂತಿದ್ದೇವೆ, ಎಲ್ಲಿಂದ ಶುರು ಮಾಡೋದು?’ ಹೈಸ್ಕೂಲ್ ಮಕ್ಕಳು ನನ್ನನ್ನು ಜಾಸ್ತಿ ಕೇಳುವ ಪ್ರಶ್ನೆ ಇದೇ. ಅದರ ಬೆನ್ನಿಗೇ ಇನ್ನೆರಡು ಬರುತ್ತವೆ. ಓದಿಗೆ ತೊಂದರೆ ಆಗಲ್ವಾ? ನನಗೆ ಆ್ಯಕ್ಟಿಂಗ್ ಬರಲ್ಲ, ನಾನೂ ಸೇರಬಹುದಾ? ಒಬ್ಬೊಬ್ಬರಿಗೆ ಒಂದೊಂದು ತುಂಡು ಉತ್ತರ ಕೊಡುವ ಬದಲು ಪೂರ್ತಿ ದಾರಿಯನ್ನೇ ಇಲ್ಲಿ ಬರೆದಿದ್ದೇನೆ. ಮೊದಲ ಸಲ ಮಾಡುವವರಿಗೆ, ಅರ್ಧ ಗಂಟೆಯ ಏಕಾಂಕಕ್ಕೆ ಇದು ಹೊಂದುತ್ತದೆ. ಏಕಾಂಕ ಅಂದರೆ ನಡುವೆ ಇಂಟರ್ವಲ್ ಇಲ್ಲದೆ ಒಂದೇ ಅಂಕದಲ್ಲಿ ಮುಗಿಯುವ ನಾಟಕ.

ಶುರು ಮಾಡುವ ಮುಂಚೆ ಒಂದು ಮಾತು ಹೇಳಿಬಿಡುತ್ತೇನೆ. ಸ್ಕೂಲ್ ನಾಟಕಗಳು ನಿಂತುಹೋಗುವುದು ಒಳ್ಳೆಯ ನಟರಿಲ್ಲದೆ ಅಲ್ಲ. ಪಾತ್ರ ಸಿಗದವರು ಎರಡನೇ ವಾರದಿಂದ ಬರುವುದನ್ನು ಬಿಡುತ್ತಾರೆ, ಆಮೇಲೆ ದೀಪ ಹಚ್ಚುವವರಿಲ್ಲ, ಸಾಮಾನು ನೋಡುವವರಿಲ್ಲ, ನಟಿಸುವವರೇ ಓಡಾಡಿ ಸುಸ್ತಾಗುತ್ತಾರೆ. ರಂಗದ ಮೇಲೆ 6 ಜನ ಕಾಣುವ ನಾಟಕಕ್ಕೆ ಹಿಂದೆ 10 ಜನ ಸಲೀಸಾಗಿ ಬೇಕಾಗುತ್ತದೆ. ಆದ್ದರಿಂದ ಬಾಗಿಲಿಗೆ ಬಂದವರಿಗೆಲ್ಲ ಕೆಲಸ ಇರಬೇಕು, ಅದು ನಿಜವಾದ ಕೆಲಸ ಆಗಿರಬೇಕು. ಕೆಳಗೆ ಬರೆದಿರುವುದೆಲ್ಲ ಇದೇ ಲೆಕ್ಕದ ಮೇಲೆ ನಿಂತಿದೆ.

ಬೇಕಾಗುವುದು ಜಾಸ್ತಿ ಏನಿಲ್ಲ. ಜವಾಬ್ದಾರಿ ಹೊರುವ ಒಬ್ಬ ಟೀಚರ್, ವಾರಕ್ಕೆ ಎರಡು ದಿನ ಸಿಗುವ ಒಂದು ಖಾಲಿ ಕೋಣೆ, 12ರಿಂದ 20 ಜನ, ಎರಡು ನೋಟ್‌ಬುಕ್, ಪೆನ್ಸಿಲ್‌ಗಳು, ಒಂದು ಅಳತೆ ಟೇಪು, ನೆಲಕ್ಕೆ ಅಂಟಿಸುವ ಬಣ್ಣದ ಟೇಪು. ಮತ್ತೆ 8 ವಾರ.

1. ತಾರೀಕು ಗೊತ್ತು ಮಾಡಿ

ನಾಟಕ ಯಾವುದು ಅಂತ ಯೋಚಿಸುವ ಮೊದಲೇ ಪರೀಕ್ಷೆಯ ವೇಳಾಪಟ್ಟಿ ತೆಗೆದುಕೊಂಡು ಕೂತುಕೊಳ್ಳಿ. ಪ್ರದರ್ಶನದ ದಿನಕ್ಕೂ ಪರೀಕ್ಷೆಗೂ ನಡುವೆ ಕನಿಷ್ಠ ಮೂರು ವಾರ ಇರಲಿ. ಕೊನೆಯ ವಾರದ ತಾಲೀಮು ಓದನ್ನು ನುಂಗುತ್ತದೆ, ಅದನ್ನು ತಪ್ಪಿಸುವುದಕ್ಕಾಗುವುದಿಲ್ಲ, ಅದಕ್ಕೇ ಈ ಅಂತರ.

ಒಂದು ಅಂದಾಜು ಲೆಕ್ಕ ನಾಟಕದವರಲ್ಲಿ ಇದೆ: ರಂಗದ ಮೇಲಿನ ಒಂದು ನಿಮಿಷಕ್ಕೆ ಒಂದು ಗಂಟೆ ತಾಲೀಮು. 30 ನಿಮಿಷದ ನಾಟಕಕ್ಕೆ 30 ಗಂಟೆ. ವಾರಕ್ಕೆ ಎರಡು ದಿನ, ದಿನಕ್ಕೆ ಎರಡು ಗಂಟೆ ಅಂದರೆ 8 ವಾರಕ್ಕೆ 32 ಗಂಟೆ ಆಗುತ್ತದೆ. ಈ ಲೆಕ್ಕವನ್ನು ಹೆಡ್‌ಮಾಸ್ಟರ್‌ಗೂ ತೋರಿಸಿ, ಮನೆಯಲ್ಲೂ ತೋರಿಸಿ. ‘ನಾಟಕ ಮಾಡ್ತೀವಿ ಸಾರ್’ ಅಂತ ಬಾಯಲ್ಲಿ ಕೇಳಿದರೆ ಸಿಗದ ಒಪ್ಪಿಗೆ, ಒಂದು ಹಾಳೆಯಲ್ಲಿ ತಾರೀಕು, ಸಮಯ, ಕೋಣೆ, ಜೊತೆಗಿರುವ ಟೀಚರ್ ಹೆಸರು ಬರೆದುಕೊಂಡು ಹೋದರೆ ಸಿಗುತ್ತದೆ. ಸಭಾಂಗಣವನ್ನು ಪ್ರದರ್ಶನದ ದಿನಕ್ಕೆ ಮಾತ್ರ ಕೇಳಬೇಡಿ, ಅದರ ಹಿಂದಿನ ಎರಡು ದಿನಕ್ಕೂ ಈಗಲೇ ಕೇಳಿ. ಬಹಳ ಜನ ಎಡವುವುದು ಇಲ್ಲೇ.

2. ಜನ ಸೇರಿಸಿ, ಬೇರೆ ಕ್ಲಬ್‌ಗಳನ್ನೂ ಕರೆಯಿರಿ

‘ನಾಟಕಕ್ಕೆ ನಟರು ಬೇಕು’ ಅಂತ ನೋಟಿಸ್ ಹಾಕಬೇಡಿ. ಹಾಗೆ ಹಾಕಿದರೆ ಧೈರ್ಯ ಇರುವ ಏಳೆಂಟು ಜನ ಬರುತ್ತಾರೆ, ಅಷ್ಟೇ. ‘ನಾಟಕಕ್ಕೆ ಹೊಲಿಯುವವರು, ಬರೆಯುವವರು, ವೈರ್ ಬಗ್ಗೆ ಗೊತ್ತಿರುವವರು, ಹಾಡುವವರು, ಲೆಕ್ಕ ಇಡುವವರು, ನಟಿಸುವವರು ಬೇಕು’ ಅಂತ ಹಾಕಿ ನೋಡಿ.

ಸ್ಕೂಲಿನಲ್ಲಿ ಬೇರೆ ಹವ್ಯಾಸದ ಕ್ಲಬ್‌ಗಳಿದ್ದರೆ ಕೆಲಸ ಅರ್ಧ ಹಗುರ. ಚಿತ್ರಕಲೆಯವರಿಗೆ ರಂಗಸಜ್ಜಿಕೆ ಕೊಡಿ. ರಂಗಸಜ್ಜಿಕೆ ಅಂದರೆ ರಂಗದ ಮೇಲೆ ನಿಲ್ಲಿಸುವ ಗೋಡೆ, ಬಾಗಿಲು, ಮರ ಇಂಥವು. ಸಂಗೀತದವರಿಗೆ ಹಿನ್ನೆಲೆ, ವಿಜ್ಞಾನದವರಿಗೆ ಬೆಳಕು, ಫೋಟೊ ತೆಗೆಯುವವರಿಗೆ ಪೋಸ್ಟರ್. ಚೆಸ್ ಆಡುವ ಹುಡುಗ ಒಳ್ಳೆಯ ಸ್ಟೇಜ್ ಮ್ಯಾನೇಜರ್ ಆಗುವುದನ್ನು ನೋಡಿದ್ದೇನೆ, ಮುಂದಿನ ಮೂರು ನಡೆ ಯೋಚಿಸುವ ಅಭ್ಯಾಸ ಅಲ್ಲಿ ತುಂಬಾ ಕೆಲಸಕ್ಕೆ ಬರುತ್ತದೆ. ಸ್ಟೇಜ್ ಮ್ಯಾನೇಜರ್ ಅಂದರೆ ಯಾವಾಗ ಏನಾಗಬೇಕು ಅಂತ ಬರೆದಿಟ್ಟುಕೊಂಡು ರಂಗದ ಹಿಂದಿನ ಕೆಲಸವನ್ನೆಲ್ಲ ನಡೆಸುವವರು. ಆದರೆ ಕೊನೆಯ ವಾರ ಹೋಗಿ ‘ಒಂದು ಗೋಡೆ ಪೇಂಟ್ ಮಾಡಿಕೊಡಿ’ ಅಂತ ಕೇಳಬೇಡಿ. ಮೊದಲ ದಿನವೇ ಕರೆದು ನಾಟಕ ಓದುವಾಗ ಜೊತೆಗೆ ಕೂರಿಸಿಕೊಳ್ಳಿ. ಕೆಲಸಕ್ಕೆ ಮಾತ್ರ ಕರೆದವರು ಕೆಲಸ ಮಾಡಿ ಹೋಗುತ್ತಾರೆ, ಕಥೆ ಗೊತ್ತಿದ್ದವರು ‘ಆ ಅಜ್ಜಿ ಮನೆಗೆ ಈ ಬಣ್ಣ ಬೇಡ’ ಅಂತ ತಾವೇ ಹೇಳುತ್ತಾರೆ.

3. ನಾಟಕ ಆರಿಸಿ

ನಿಮ್ಮ ಕೈಯಲ್ಲಿರುವ ಜನರಿಗೆ ಹೊಂದುವ ನಾಟಕ ಹುಡುಕಿ, ನಾಟಕಕ್ಕೆ ಜನ ಹುಡುಕಬೇಡಿ. ಇಬ್ಬರೇ ಉದ್ದಕ್ಕೂ ಮಾತಾಡುವ ನಾಟಕ ಓದಲು ಎಷ್ಟೇ ಚೆನ್ನಾಗಿರಲಿ, ಮೊದಲ ಸಲಕ್ಕೆ ಬೇಡ. ಆರೇಳು ಜನರಿಗೆ ಹೆಚ್ಚುಕಡಿಮೆ ಸಮನಾಗಿ ಮಾತಿರುವುದು, ಒಂದೇ ಜಾಗದಲ್ಲಿ ನಡೆಯುವುದು, ಈ ಎರಡು ಗುಣ ಇದ್ದರೆ ಅರ್ಧ ಕಷ್ಟ ತಪ್ಪಿತು. ಊರ ಜನ, ಸಂತೆಯ ಗುಂಪು ಅಂತ ಇದ್ದರೆ ಇನ್ನೂ ಒಳ್ಳೆಯದು, ಹೊಸಬರನ್ನು ಅಲ್ಲಿ ಸೇರಿಸಬಹುದು.

ಆರಿಸಿದ ಮೇಲೆ ಎಲ್ಲರೂ ಕೂತು ಗಟ್ಟಿಯಾಗಿ ಓದಿ, ಗಡಿಯಾರ ನೋಡಿ. ಓದುವಾಗ 30 ನಿಮಿಷ ಆದರೆ ರಂಗದ ಮೇಲೆ ಅದು ಇನ್ನೂ ಐದರಿಂದ ಹತ್ತು ನಿಮಿಷ ಬೆಳೆಯುತ್ತದೆ. ನಡೆಯಬೇಕು, ಕೂರಬೇಕು, ನಗು ಬಂದರೆ ಕಾಯಬೇಕು, ಅಲ್ವಾ?

ಹಕ್ಕಿನ ವಿಷಯ ಮರೆಯಬೇಡಿ. ಬರೆದವರ ಒಪ್ಪಿಗೆ ಇಲ್ಲದೆ ನಾಟಕ ಆಡುವ ಹಾಗಿಲ್ಲ. ಲೇಖಕರ ಹಕ್ಕು ಕಾಯಲು ದೇಶಗಳ ನಡುವೆ ಬರ್ನ್ ಒಪ್ಪಂದ ಅಂತ 1886ರಲ್ಲಿ ಆಗಿದೆ, ಅದಕ್ಕೆ ಸೇರಿದ ದೇಶಗಳಲ್ಲಿ ಸಾಮಾನ್ಯವಾಗಿ ಲೇಖಕರು ತೀರಿಕೊಂಡ ಮೇಲೂ ಕನಿಷ್ಠ 50 ವರ್ಷ ಹಕ್ಕು ಅವರ ಕಡೆಯವರಲ್ಲಿ ಇರುತ್ತದೆ. ಕೆಲವು ಕಡೆ 60, ಕೆಲವು ಕಡೆ 70. ಶಾಲೆಗಳಿಗೆ ಕಾನೂನಿನಲ್ಲಿ ಸ್ವಲ್ಪ ರಿಯಾಯಿತಿ ಇರುವ ಕಡೆಯೂ ಟಿಕೆಟ್ ಇಟ್ಟರೆ, ಹೊರಗಿನವರನ್ನು ಕರೆದರೆ ಅದು ಬದಲಾಗಬಹುದು. ಇನ್ನೊಂದು ಬಲೆ ಇದೆ: ಮೂಲ ನಾಟಕ ಸಾವಿರಾರು ವರ್ಷ ಹಳೆಯದು, ಆದರೆ ನೀವು ಓದುತ್ತಿರುವ ಅನುವಾದ ಹೊಸದು. ಅನುವಾದಕರ ಹಕ್ಕು ಬೇರೆಯೇ. ಒಂದು ಪತ್ರ ಬರೆದು ಕೇಳಿ, ಸ್ಕೂಲ್ ಮಕ್ಕಳು ಅಂದರೆ ಬಹಳಷ್ಟು ಲೇಖಕರು ಖುಷಿಯಿಂದಲೇ ಒಪ್ಪುತ್ತಾರೆ.

ನೀವೇ ಬರೆಯುವುದಾದರೆ ತಾಲೀಮು ಶುರುವಾಗುವ ಮೊದಲೇ ಬರವಣಿಗೆ ಮುಗಿದಿರಬೇಕು. ತಾಲೀಮು ನಡೆಯುವಾಗಲೂ ಕೊನೆಯ ದೃಶ್ಯ ಬರೆಯುತ್ತಾ ಕೂತರೆ ಆ ದೃಶ್ಯ ಯಾರಿಗೂ ಬಾಯಿಗೆ ಬರುವುದಿಲ್ಲ.

4. ಪಾತ್ರ ಮತ್ತು ಕೆಲಸ ಹಂಚಿ

ಪಾತ್ರ ಆರಿಸಲು ಎಲ್ಲರಿಗೂ ಒಂದೇ ತುಣುಕು ಕೊಟ್ಟು ಓದಿಸಿ. ಒಮ್ಮೆ ಓದಿದ ಮೇಲೆ ಒಂದು ಸೂಚನೆ ಕೊಡಿ: ‘ಇದನ್ನೇ ಪಕ್ಕದ ಕೋಣೆಯವರಿಗೆ ಕೇಳಿಸಬಾರದು ಅನ್ನುವ ಹಾಗೆ ಹೇಳು.’ ಮೊದಲ ಓದು ಎಷ್ಟು ಚೆನ್ನಾಗಿತ್ತು ಅನ್ನುವುದಕ್ಕಿಂತ, ಸೂಚನೆ ಕೊಟ್ಟ ಮೇಲೆ ಎಷ್ಟು ಬದಲಾಯಿತು ಅನ್ನುವುದನ್ನು ನೋಡಿ. 8 ವಾರದಲ್ಲಿ ಬೆಳೆಯುವವರು ಅವರೇ.

ನಟರ ಪಟ್ಟಿ, ರಂಗದ ಹಿಂದಿನವರ ಪಟ್ಟಿ ಎರಡನ್ನೂ ಒಂದೇ ಹಾಳೆಯಲ್ಲಿ, ಒಂದೇ ಅಳತೆಯ ಅಕ್ಷರದಲ್ಲಿ, ಒಂದೇ ದಿನ ಹಾಕಿ. ನಟರ ಹೆಸರು ಇವತ್ತು ಹಾಕಿ, ‘ಉಳಿದವರಿಗೆ ಆಮೇಲೆ ಹೇಳ್ತೀವಿ’ ಅಂದರೆ ಆ ಉಳಿದವರು ಅಲ್ಲೇ ಹೋದರು ಅಂತಲೇ ತಿಳಿಯಿರಿ. ಪಾತ್ರ ಕೇಳಿ ಸಿಗದವರ ಜೊತೆ ಟೀಚರ್ ಅಥವಾ ನಿರ್ದೇಶಕರು ಪಟ್ಟಿ ಹಾಕುವ ಮೊದಲು ಎರಡು ನಿಮಿಷ ಒಬ್ಬೊಬ್ಬರಾಗಿ ಮಾತಾಡಲಿ. ಗೋಡೆಯ ಮುಂದೆ ಹತ್ತು ಜನರ ಎದುರು ತನ್ನ ಹೆಸರು ಹುಡುಕಿ ನಿರಾಸೆಯಾಗುವುದು ಆ ವಯಸ್ಸಿನಲ್ಲಿ ಸಣ್ಣ ವಿಷಯ ಅಲ್ಲ.

ಹಿಂದಿನ ಕೆಲಸಗಳಲ್ಲಿ ಇವು ಇರಲೇಬೇಕು: ನಿರ್ದೇಶಕ, ಸ್ಟೇಜ್ ಮ್ಯಾನೇಜರ್, ಪ್ರಾಂಪ್ಟರ್ ಅಂದರೆ ಮಾತು ಮರೆತಾಗ ಮರೆಯಿಂದ ಎತ್ತಿಕೊಡುವವರು, ಬೆಳಕು, ಸಂಗೀತ, ರಂಗಸಜ್ಜಿಕೆ, ಉಡುಪು, ಮೇಕಪ್, ಸಾಮಾನು, ಬಾಗಿಲಲ್ಲಿ ಜನರನ್ನು ಕೂರಿಸುವವರು, ಲೆಕ್ಕ. ನಿರ್ದೇಶನ ಮಾಡುವವರು ಮುಖ್ಯ ಪಾತ್ರ ಮಾಡಬಾರದು. ರಂಗದ ಮೇಲಿದ್ದರೆ ನಾಟಕ ಹೊರಗಿನಿಂದ ಹೇಗೆ ಕಾಣುತ್ತಿದೆ ಅನ್ನುವುದು ಗೊತ್ತಾಗುವುದೇ ಇಲ್ಲ. ಮುಖ್ಯ ಪಾತ್ರದ ಮಾತುಗಳನ್ನು ಇನ್ನೊಬ್ಬರೂ ಕಲಿತಿರಲಿ, ಜ್ವರ ಹೇಳಿ ಕೇಳಿ ಬರುವುದಿಲ್ಲ.

5. ತಾಲೀಮು

ಮೊದಲ ವಾರ ಬರೀ ಓದು. ಕೂತು ಓದಿ, ಅರ್ಥವಾಗದ್ದನ್ನು ಕೇಳಿ. ಈ ಪಾತ್ರಕ್ಕೆ ಈಗ ಏನು ಬೇಕು, ಯಾರು ಅಡ್ಡ ಇದ್ದಾರೆ ಅಂತ ಪ್ರತಿ ದೃಶ್ಯಕ್ಕೂ ಒಂದೊಂದು ಸಾಲು ಬರೆದುಕೊಳ್ಳಿ. ಬೋರ್ ಅನ್ನಿಸಬಹುದು, ಬಿಡಬೇಡಿ.

ಎರಡನೇ ವಾರದಿಂದ ಬ್ಲಾಕಿಂಗ್. ಯಾರು ಎಲ್ಲಿಂದ ಬರುತ್ತಾರೆ, ಯಾವ ಮಾತಿಗೆ ಎಲ್ಲಿಗೆ ನಡೆಯುತ್ತಾರೆ, ಎಲ್ಲಿ ನಿಲ್ಲುತ್ತಾರೆ ಅಂತ ಗೊತ್ತು ಮಾಡುವುದಕ್ಕೆ ಹಾಗೆನ್ನುತ್ತಾರೆ. ರಂಗದ ಬಲ, ಎಡ ಅಂದರೆ ಪ್ರೇಕ್ಷಕರ ಕಡೆ ಮುಖ ಮಾಡಿ ನಿಂತ ನಟರ ಬಲ, ಎಡ. ಮೊದಲ ದಿನವೇ ಇದನ್ನು ಎಲ್ಲರ ತಲೆಗೆ ಹಾಕಿ, ಇಲ್ಲದಿದ್ದರೆ ದಿನಾ ಡಿಕ್ಕಿ ಹೊಡೆದುಕೊಳ್ಳುತ್ತಾರೆ.

ತಾಲೀಮಿನ ಕೋಣೆಯ ನೆಲದ ಮೇಲೆ ನಿಜವಾದ ರಂಗದ ಅಳತೆಗೆ ಟೇಪ್ ಅಂಟಿಸಿ. ನಾವು ಒಮ್ಮೆ 12 ಅಡಿಯ ಕೋಣೆಯಲ್ಲಿ ಕಲಿತು 24 ಅಡಿಯ ರಂಗಕ್ಕೆ ಹೋದೆವು. ‘ಅಮ್ಮಾ, ಬಾಗಿಲು ತೆಗಿ’ ಅಂತ ಹುಡುಗಿ ಹೇಳಿ ಮುಗಿಸಿದಾಗ ಬಾಗಿಲು ಇನ್ನೂ ಏಳೆಂಟು ಹೆಜ್ಜೆ ದೂರ ಇತ್ತು. ಆ ಮೌನದಲ್ಲಿ ಅವಳು ನಡೆದ ಸದ್ದು ನನಗೆ ಇವತ್ತಿಗೂ ನೆನಪಿದೆ. ಕೋಣೆ ಚಿಕ್ಕದಾದರೆ ಅಂಗಳಕ್ಕೆ ಹೋಗಿ, ಸುಣ್ಣದಲ್ಲಿ ಗೆರೆ ಎಳೆಯಿರಿ.

ಇದನ್ನೆಲ್ಲ ಸ್ಟೇಜ್ ಮ್ಯಾನೇಜರ್ ಪ್ರಾಂಪ್ಟ್ ಬುಕ್ಕಿನಲ್ಲಿ ಬರೆದುಕೊಳ್ಳುತ್ತಾ ಹೋಗಬೇಕು. ನೋಟ್‌ಬುಕ್ಕಿನ ಒಂದು ಪುಟಕ್ಕೆ ನಾಟಕದ ಪುಟ ಅಂಟಿಸಿ, ಎದುರಿನ ಪುಟ ಖಾಲಿ ಬಿಡಿ. ಆ ಖಾಲಿ ಪುಟದಲ್ಲಿ ನಡಿಗೆ, ಬೆಳಕು, ಸದ್ದು ಎಲ್ಲ ಬರುತ್ತದೆ. ಪೆನ್ ಬೇಡ, ಪೆನ್ಸಿಲ್ ಮಾತ್ರ, ಯಾಕೆಂದರೆ ಹತ್ತು ಸಲ ಬದಲಾಗುತ್ತದೆ. ಈ ಪುಸ್ತಕ ಇದ್ದರೆ ಸ್ಟೇಜ್ ಮ್ಯಾನೇಜರ್ ಒಂದು ದಿನ ಬರದಿದ್ದರೂ ತಾಲೀಮು ನಡೆಯುತ್ತದೆ.

ನಾಲ್ಕನೇ ವಾರದ ಕೊನೆಗೆ ಕೈಯಿಂದ ಪುಸ್ತಕ ಕೆಳಗಿಡಿಸಿ. ಅದಕ್ಕೆ ತಾರೀಕು ಮೊದಲೇ ಹೇಳಿ. ಪುಸ್ತಕ ಕೈಯಲ್ಲಿರುವ ತನಕ ಎದುರಿನವರ ಮುಖ ನೋಡುವುದಕ್ಕೆ ಆಗುವುದಿಲ್ಲ. ಶುರುವಿನಲ್ಲಿ ತಡವರಿಸುತ್ತಾರೆ, ತಡವರಿಸಲಿ. ಬಾಯಿಪಾಠ ಆಗದವರು ತಮ್ಮ ಮಾತಿಗಿಂತ ಹಿಂದಿನ ಮಾತನ್ನು ಜಾಸ್ತಿ ಗಮನಿಸಿ ಕಲಿಯಲಿ, ಏಕೆಂದರೆ ತಮ್ಮ ಮಾತನ್ನು ಎಬ್ಬಿಸುವುದು ಅದೇ. ಹೀಗೆ ಮುಂದಿನ ಮಾತಿಗೋ ಬೆಳಕಿಗೋ ಸನ್ನೆ ಕೊಡುವುದನ್ನು ಕ್ಯೂ ಅನ್ನುತ್ತಾರೆ.

ಪ್ರಾಂಪ್ಟರ್ ಐದನೇ ವಾರದಿಂದ ಪ್ರತಿ ತಾಲೀಮಿಗೂ ಬರಬೇಕು. ನಟ ಬೇಕಂತಲೇ ಸುಮ್ಮನಿರುವ ಜಾಗ ಯಾವುದು, ಮರೆತು ಸುಮ್ಮನಿರುವ ಜಾಗ ಯಾವುದು ಅಂತ ಗೊತ್ತಾಗುವುದು ಜೊತೆಗಿದ್ದರೆ ಮಾತ್ರ. ಬೇಕಂತಲೇ ಬಿಡುವ ಮೌನಕ್ಕೆ ತನ್ನ ಪ್ರತಿಯಲ್ಲಿ ಒಂದು ಓರೆಗೆರೆ ಹಾಕಿಕೊಳ್ಳಲಿ.

ದನಿಯ ಬಗ್ಗೆ: ಹಿಂದಿನ ಸಾಲಿಗೆ ಕೇಳಿಸಲು ಕಿರುಚಬೇಕಿಲ್ಲ. ಕಿರುಚಿದರೆ ಪ್ರದರ್ಶನದ ಹೊತ್ತಿಗೆ ಗಂಟಲು ಕಟ್ಟುತ್ತದೆ. ಹೊಟ್ಟೆ ಉಬ್ಬುವ ಹಾಗೆ ಉಸಿರು ತೆಗೆದುಕೊಂಡು, ಪದದ ಕೊನೆಯ ಅಕ್ಷರವನ್ನು ನುಂಗದೆ ಹೇಳಿ. ತಾಲೀಮಿಗೆ ಮುಂಚೆ ಐದು ನಿಮಿಷ ತುಟಿ ಮುಚ್ಚಿ ಗುನುಗಿ, ಆಗಾಗ ನೀರು ಕುಡಿಯಿರಿ. ಯಾರಾದರೂ ಒಬ್ಬರು ಹಿಂದಿನ ಗೋಡೆಗೆ ಒರಗಿ ನಿಂತು, ಕೇಳದಿದ್ದಾಗ ಕೈ ಎತ್ತಲಿ.

ತಾಲೀಮಿಗೆ ಎಲ್ಲರನ್ನೂ ದಿನಾ ಕರೆಯಬೇಡಿ. ಯಾವ ದಿನ ಯಾವ ದೃಶ್ಯ ಅಂತ ಪಟ್ಟಿ ಮಾಡಿ, ಬೇಕಾದವರನ್ನಷ್ಟೇ ಕರೆಯಿರಿ. ಎರಡು ಗಂಟೆ ಸುಮ್ನೆ ಕಾಯುವ ಹುಡುಗನ ಓದು ಕೆಡುವುದು ನಾಟಕದಿಂದ ಅಲ್ಲ, ಆ ಕಾಯುವಿಕೆಯಿಂದ.

6. ರಂಗದ ಹಿಂದೆ

ಸಾಮಾನು. ನಟರು ಕೈಯಲ್ಲಿ ಹಿಡಿಯುವ ಪತ್ರ, ಕೋಲು, ಚೀಲ ಇಂಥವನ್ನು ಪ್ರಾಪ್ಸ್ ಅನ್ನುತ್ತಾರೆ. ರಂಗದ ಎರಡೂ ಬದಿಯ ಮರೆಯಲ್ಲಿ ಒಂದೊಂದು ಮೇಜು ಇಡಿ. ಮೇಜಿನ ಮೇಲೆ ದಪ್ಪ ಕಾಗದ ಹಾಸಿ, ಪ್ರತಿ ಸಾಮಾನನ್ನೂ ಅದರ ಮೇಲಿಟ್ಟು ಸುತ್ತ ಗೆರೆ ಎಳೆಯಿರಿ, ಒಳಗೆ ಹೆಸರು ಬರೆಯಿರಿ. ಕನ್ನಡಕದ ಆಕಾರ, ಕೊಡೆಯ ಆಕಾರ, ಲಕೋಟೆಯ ಆಕಾರ. ಮಬ್ಬುಗತ್ತಲಲ್ಲೂ ಖಾಲಿ ಇರುವ ಆಕಾರ ಕಣ್ಣಿಗೆ ಹೊಡೆಯುತ್ತದೆ, ಏನು ಕಾಣೆಯಾಗಿದೆ ಅಂತ ಕೇಳುವುದೇ ಬೇಡ. ತನ್ನದಲ್ಲದ ಸಾಮಾನನ್ನು ಯಾರೂ ಮುಟ್ಟಬಾರದು, ಸುಮ್ನೆ ನೋಡಲಿಕ್ಕೂ. ಮೂರನೇ ವಾರದಿಂದಲೇ ಬದಲಿ ಸಾಮಾನು ಹಿಡಿದು ತಾಲೀಮು ಮಾಡಿ. ಖಾಲಿ ಕೈಯಲ್ಲಿ ಕಲಿತವರಿಗೆ ಕೊನೆಗೆ ಕೊಡೆ ಕೊಟ್ಟರೆ ಅದನ್ನು ಎಲ್ಲಿಡುವುದು ಅಂತ ತಿಳಿಯುವುದಿಲ್ಲ.

ಬೆಳಕು. ಇಲ್ಲಿ ಹುಷಾರಾಗಿರಿ. ದೀಪದ ವ್ಯಾಟನ್ನು ವೋಲ್ಟಿನಿಂದ ಭಾಗಿಸಿದರೆ ಅದು ಎಷ್ಟು ಆಂಪಿಯರ್ ಎಳೆಯುತ್ತದೆ ಅಂತ ಗೊತ್ತಾಗುತ್ತದೆ. 500 ವ್ಯಾಟಿನ ಎರಡು ಹ್ಯಾಲೊಜೆನ್ ದೀಪ 230 ವೋಲ್ಟಿನಲ್ಲಿ 4 ಆಂಪಿಯರ್‌ಗಿಂತ ಸ್ವಲ್ಪ ಜಾಸ್ತಿ ಎಳೆಯುತ್ತವೆ. ಎಕ್ಸ್‌ಟೆನ್ಷನ್ ಬಾಕ್ಸಿನ ಮೇಲೆ ಬರೆದಿರುವ ಆಂಪಿಯರ್ ನೋಡಿ, ಅದನ್ನು ಮೀರಬೇಡಿ, ಒಂದು ಬಾಕ್ಸಿಗೆ ಇನ್ನೊಂದು ಬಾಕ್ಸ್ ಸಿಕ್ಕಿಸಬೇಡಿ. ಹ್ಯಾಲೊಜೆನ್ ದೀಪ ಕೈ ಸುಡುವಷ್ಟು ಬಿಸಿಯಾಗುತ್ತದೆ, ಪರದೆ ಮತ್ತು ಕಾಗದದಿಂದ ದೂರ ಇರಲಿ. ಎಲ್‌ಇಡಿ ಸಿಕ್ಕರೆ ಅದೇ ಒಳ್ಳೆಯದು. ವೈರಿಂಗ್ ಕೆಲಸವನ್ನು ಎಲೆಕ್ಟ್ರೀಷಿಯನ್ ಮಾಡಲಿ, ವಿಜ್ಞಾನ ಕ್ಲಬ್ಬಿನವರು ಲೆಕ್ಕ ಹಾಕಲಿ, ಸ್ವಿಚ್ ನಡೆಸಲಿ. ನೆಲದ ಮೇಲಿನ ವೈರನ್ನೆಲ್ಲ ಟೇಪಿನಿಂದ ಮುಚ್ಚಿ. ನಿಜವಾದ ಬೆಂಕಿ, ನಿಜವಾದ ಚಾಕು ರಂಗದ ಮೇಲೆ ಬೇಡವೇ ಬೇಡ.

ಮೇಕಪ್. ಹಿಂದಿನ ದಿನವೇ ಮೊಣಕೈಯ ಒಳಭಾಗಕ್ಕೆ ಸ್ವಲ್ಪ ಹಚ್ಚಿ ನೋಡಿ, ತುರಿಕೆಯೋ ಕೆಂಪೋ ಬಂದರೆ ಅದು ಬೇಡ. ಕಣ್ಣಿಗೆ ಹಚ್ಚುವ ಪೆನ್ಸಿಲ್ ಒಬ್ಬರದ್ದು ಒಬ್ಬರು ಬಳಸಬಾರದು, ಸೋಂಕು ಹರಡುತ್ತದೆ. ಉಡುಪಿನ ಬಗ್ಗೆ ಹೇಳುವುದು ಇಷ್ಟೇ: ಹಾಕಿಕೊಂಡು ಕೂತು, ಬಗ್ಗಿ, ಓಡಿ ನೋಡಿ.

ಸಂಗೀತ ನೀವೇ ನುಡಿಸಿದರೆ ಚೆನ್ನ. ಸಿನಿಮಾ ಹಾಡು ಹಾಕಿ ಆಮೇಲೆ ನಾಟಕದ ವಿಡಿಯೊವನ್ನು ನೆಟ್‌ಗೆ ಏರಿಸಿದರೆ ಹಕ್ಕಿನ ತೊಂದರೆ ಬರುತ್ತದೆ. ವಿಡಿಯೊ ಹಾಕುವುದಿದ್ದರೆ ಅದರಲ್ಲಿ ಕಾಣುವ ಮಕ್ಕಳ ಮನೆಯವರ ಒಪ್ಪಿಗೆಯೂ ಬೇಕು.

7. ಟೆಕ್ನಿಕಲ್ ಮತ್ತು ಗ್ರ್ಯಾಂಡ್ ರಿಹರ್ಸಲ್

ಪ್ರದರ್ಶನಕ್ಕೆ ಎರಡು ದಿನ ಮುಂಚೆ ಟೆಕ್ನಿಕಲ್, ಅಂದರೆ ಬೆಳಕು, ಸದ್ದು ಹೊಂದಿಸುವ ತಾಲೀಮು. ಇದು ರಂಗದ ಹಿಂದಿನವರ ದಿನ, ನಟರ ದಿನ ಅಲ್ಲ. ಪೂರ್ತಿ ನಾಟಕ ಆಡಬೇಡಿ. ಒಂದು ಕ್ಯೂಗೆ ಎರಡು ಮಾತು ಹಿಂದಿನಿಂದ ಹಿಡಿದು, ಬೆಳಕು ಬದಲಾದ ಮೇಲೆ ಎರಡು ಮಾತು ಆಡಿ, ನಡುವಿನದನ್ನು ಬಿಟ್ಟು ಮುಂದಿನ ಕ್ಯೂಗೆ ಹೋಗಿ. ಸ್ಟೇಜ್ ಮ್ಯಾನೇಜರ್ ‘ಬೆಳಕು 5, ರೆಡಿ’ ಅಂತ ಮೊದಲು ಎಚ್ಚರಿಸಿ, ಸರಿಯಾದ ಗಳಿಗೆಗೆ ‘ಗೋ’ ಅನ್ನಬೇಕು. ಆ ‘ಗೋ’ ಅನ್ನುವ ಪದವನ್ನು ಬೇರೆ ಯಾವ ಮಾತಿಗೂ ಬಳಸಬೇಡಿ, ಕೈ ಸ್ವಿಚ್ ಮೇಲೆ ಕಾಯುತ್ತಿರುತ್ತದೆ. ತಡವಾಗುತ್ತದೆ, ಒಂದೇ ಜಾಗ ನಾಲ್ಕು ಸಲ ಬರುತ್ತದೆ. ನಟರಿಗೆ ಮೊದಲೇ ಹೇಳಿರಿ, ಸಿಡುಕಬಾರದು.

ಹಿಂದಿನ ದಿನ ಗ್ರ್ಯಾಂಡ್ ರಿಹರ್ಸಲ್. ಉಡುಪು, ಮೇಕಪ್, ಬೆಳಕು ಎಲ್ಲ ಹಾಕಿ, ಏನೇ ತಪ್ಪಾದರೂ ನಿಲ್ಲಿಸದೆ ಆಡಿ. ತಪ್ಪಿನಿಂದ ಆಚೆ ಬರುವುದನ್ನು ಕಲಿಯುವುದು ಇವತ್ತೇ. ಮುಗಿದ ಮೇಲೆ ಸೂಚನೆ ಕೊಡಿ, ಆದರೆ ಈ ಹೊತ್ತಿನಲ್ಲಿ ಬ್ಲಾಕಿಂಗ್ ಬದಲಾಯಿಸುವ ಆಸೆ ಬಂದರೆ ತಡೆದುಕೊಳ್ಳಿ.

8. ಪ್ರದರ್ಶನದ ದಿನ

ಎರಡು ಗಂಟೆ ಮುಂಚೆ ಎಲ್ಲರೂ ಬಂದಿರಬೇಕು. ಸ್ಟೇಜ್ ಮ್ಯಾನೇಜರ್ ಹಾಜರಿ ತೆಗೆದುಕೊಂಡು, ಸಾಮಾನಿನ ಮೇಜು, ದೀಪ, ತುರ್ತು ಬಾಗಿಲು ಮೂರನ್ನೂ ತಾನೇ ನೋಡಲಿ. ತುರ್ತು ಬಾಗಿಲಿಗೆ ಬೀಗ ಇರಬಾರದು, ಅಡ್ಡ ಕುರ್ಚಿ ಇರಬಾರದು. ಅರ್ಧ ಗಂಟೆ, ಹದಿನೈದು ನಿಮಿಷ, ಐದು ನಿಮಿಷ ಇದೆ ಅಂತ ಕೂಗಿ ಹೇಳಲಿ, ಕೇಳಿಸಿಕೊಂಡವರು ತಿರುಗಿ ಹೇಳಲಿ.

ರಂಗದ ಮೇಲೆ ಯಾರಾದರೂ ಮರೆತರೆ ಎದುರಿನವರು ಪಾತ್ರದಲ್ಲೇ ಇದ್ದು ಒಂದು ಪ್ರಶ್ನೆ ಕೇಳಲಿ: ‘ಏನೋ ಹೇಳಬೇಕು ಅಂತ ಬಂದೆಯಲ್ಲ?’ ಬಹಳಷ್ಟು ಸಲ ಅಷ್ಟು ಸಾಕು, ಮಾತು ವಾಪಸ್ ಬರುತ್ತದೆ. ಮರೆಯಲ್ಲಿ ನಿಂತು ಪ್ರೇಕ್ಷಕರನ್ನು ನೋಡಬೇಡಿ. ನಿಮಗೆ ಅವರು ಕಂಡರೆ ಅವರಿಗೂ ನೀವು ಕಾಣುತ್ತೀರಿ.

ಕೊನೆಯಲ್ಲಿ ನಮಸ್ಕಾರಕ್ಕೆ ನಟರ ಜೊತೆ ರಂಗದ ಹಿಂದಿನವರನ್ನೂ ಕರೆದು ನಿಲ್ಲಿಸಿ. ಇದನ್ನೂ ತಾಲೀಮು ಮಾಡಿರಬೇಕು, ಇಲ್ಲದಿದ್ದರೆ ನಾಚಿಕೊಂಡು ಯಾರೂ ಬರುವುದಿಲ್ಲ.

9. ಮರುದಿನ

ರಂಗಸಜ್ಜಿಕೆ ಬಿಚ್ಚುವುದಕ್ಕೆ ನಟರೂ ಬರಬೇಕು, ಮುಖ್ಯ ಪಾತ್ರ ಮಾಡಿದವರು ಮೊದಲು ಬರಬೇಕು. ತಂದ ಸಾಮಾನನ್ನೆಲ್ಲ ಪಟ್ಟಿ ನೋಡಿ ಆಯಾ ಮನೆಗೆ ಮುಟ್ಟಿಸಿ. ಖರ್ಚಿನ ಲೆಕ್ಕ ಬರೆದು ಟೀಚರ್ ಸಹಿ ಹಾಕಿಸಿ.

ಒಂದು ವಾರದೊಳಗೆ ಎಲ್ಲರೂ ಇನ್ನೊಮ್ಮೆ ಸೇರಿ. ರಂಗದ ಅಗಲ, ಆಳ, ಪ್ಲಗ್ ಇರುವ ಜಾಗ, ಯಾವ ಕೆಲಸಕ್ಕೆ ಎಷ್ಟು ದಿನ ಹಿಡಿಯಿತು, ಏನು ಕೈಕೊಟ್ಟಿತು ಅಂತ ಎರಡನೇ ನೋಟ್‌ಬುಕ್ಕಿನಲ್ಲಿ ಬರೆಯಿರಿ. ಈ ವರ್ಷ ಪ್ರಾಂಪ್ಟರ್ ಆಗಿದ್ದ ಎಂಟನೇ ಕ್ಲಾಸಿನವರು ಮುಂದಿನ ಸಲ ಸ್ಟೇಜ್ ಮ್ಯಾನೇಜರ್ ಆಗಬಹುದಾ ಅಂತ ಅಲ್ಲೇ ಕೇಳಿ, ಹೂಂ ಅಂದರೆ ಆ ನೋಟ್‌ಬುಕ್ಕನ್ನೂ ಪ್ರಾಂಪ್ಟ್ ಬುಕ್ಕನ್ನೂ ಅವರ ಕೈಗೇ ಕೊಟ್ಟುಬಿಡಿ.